‘ನಾಸ್ತಿಕ’ ಎಂದರೆ ಧರ್ಮ ಇಲ್ಲದವನೇ? ಪದದ ಹುಟ್ಟು, ಅರ್ಥ ಮತ್ತು ತಪ್ಪು ತಿಳಿವಳಿಕೆಗಳು

ಬಳ್ಳಾರಿಯ ಕನಕದುರ್ಗಮ್ಮನ ಸಿಡಿಬಂಡಿ ನೋಡಲು ಹೋಗಿ, ಮಂಡಕ್ಕಿ ಮಿರ್ಚಿ ತಿಂದು, ಗುಡಿಯೊಳಗೆ ಮಾತ್ರ ಕಾಲಿಡದೆ ಮನೆಗೆ ಬರುವವರನ್ನು ಜನ ‘ನಾಸ್ತಿಕ’ ಎನ್ನುತ್ತಾರೆ. ಸಿರುಗುಪ್ಪ ಕಡೆಯ ಭತ್ತದ ಗದ್ದೆಯಲ್ಲಿ ಯಾರಿಗೋ ಹಾವು ಕಚ್ಚಿದಾಗ ‘ಮಂತ್ರ ಹಾಕಿಸೋದು ಬೇಡ, ಮೊದಲು ದವಾಖಾನಿಗೆ ನಡೀರಿ’ ಎಂದವರಿಗೂ ಅದೇ ಹೆಸರು ಬರುತ್ತದೆ. ಕುರುಗೋಡಿನ ದೊಡ್ಡಬಸವೇಶ್ವರನಿಗೆ ನಿತ್ಯ ಕೈಮುಗಿಯುವ ಭಕ್ತರೊಬ್ಬರು ಜಾತಕ ನೋಡಿಸದೆ ಮಗಳ ಮದುವೆ ಮಾಡಿದರೆ ಅವರಿಗೂ ಅದೇ ಬಿರುದು. ಊರ ಮಾತಿನಲ್ಲಿ ಹೇಳುವುದಾದರೆ, ‘ಆತಗ ದೇವ್ರಿಲ್ಲ ದಿಂಡ್ರಿಲ್ಲ ಬಿಡು’.

ಈ ಮೂವರೂ ಒಂದೇ ಬಗೆಯವರೇ? ಅಲ್ಲ. ಮೊದಲನೆಯವರು ದೇವರನ್ನು ನಂಬದೆ ಇರಬಹುದು, ಅಥವಾ ಅವತ್ತು ಸಾಲು ಉದ್ದವಿದೆ ಎಂದು ವಾಪಸಾಗಿರಲೂಬಹುದು. ಎರಡನೆಯವರು ಒಂದು ಚಿಕಿತ್ಸೆಯನ್ನು ಮಾತ್ರ ನಂಬಿಲ್ಲ. ಮೂರನೆಯವರು ಜ್ಯೋತಿಷ್ಯವನ್ನು ನಂಬಿಲ್ಲ, ದೇವರನ್ನು ನಂಬಿದ್ದಾರೆ. ಒಂದೇ ಪದ ಇಷ್ಟು ಬೇರೆ ಬೇರೆ ಜನರ ಮೇಲೆ ಬೀಳುತ್ತದೆ ಎಂದರೆ, ಆ ಪದ ಎಲ್ಲಿಂದ ಬಂತು, ಅದರ ಅರ್ಥ ಏನು ಎಂದು ಒಮ್ಮೆ ನೋಡಲೇಬೇಕು. ಈ ಲೇಖನದಲ್ಲಿ ನಾವು ಅದನ್ನೇ ಮಾಡೋಣ.

ಚುಟುಕಾಗಿ ಉತ್ತರ

‘ನಾಸ್ತಿಕ’ ಪದದ ಮೂಲ ಅರ್ಥ ‘ಇಲ್ಲ ಎನ್ನುವವನು’. ಏನು ಇಲ್ಲ ಎಂಬುದು ಪದದೊಳಗೆ ಇಲ್ಲ. ಹಳೆಯ ವ್ಯಾಕರಣಕಾರರಿಗೆ ಅದು ಪರಲೋಕವಾಗಿತ್ತು, ಧರ್ಮಶಾಸ್ತ್ರದವರಿಗೆ ವೇದದ ಅಧಿಕಾರವಾಗಿತ್ತು, ಇಂದಿನವರಿಗೆ ದೇವರು. ‘ಧರ್ಮವಿಲ್ಲದವನು’ ಎಂಬ ಅರ್ಥ ಇವು ಮೂರರಲ್ಲಿಯೂ ಇಲ್ಲ. ದೇವರನ್ನು ನಂಬದಿರುವುದು, ಒಂದು ಮತಕ್ಕೆ ಸೇರದಿರುವುದು, ನೀತಿ ಇಲ್ಲದಿರುವುದು ಇವು ಮೂರೂ ಬೇರೆ ಬೇರೆ ಸಂಗತಿಗಳು. ಒಂದಿದ್ದರೆ ಇನ್ನೊಂದು ಇರಲೇಬೇಕೆಂದಿಲ್ಲ.

ಪದ ಹುಟ್ಟಿದ್ದು ಹೇಗೆ?

ಸಂಸ್ಕೃತದಲ್ಲಿ ‘ಅಸ್ತಿ’ ಎಂದರೆ ಇದೆ. ‘ನ ಅಸ್ತಿ’ ಸೇರಿ ‘ನಾಸ್ತಿ’, ಅಂದರೆ ಇಲ್ಲ. ಇವುಗಳಿಂದ ಬಂದ ಜೋಡಿ ಪದಗಳೇ ಆಸ್ತಿಕ, ನಾಸ್ತಿಕ. ‘ಇದೆ’ ಎಂಬ ಮತಿಯುಳ್ಳವನು ಆಸ್ತಿಕ, ‘ಇಲ್ಲ’ ಎಂಬ ಮತಿಯುಳ್ಳವನು ನಾಸ್ತಿಕ.

ಈ ಪದಗಳು ಬಹಳ ಹಳೆಯವು. ಕ್ರಿಸ್ತಪೂರ್ವದಲ್ಲಿದ್ದ ವ್ಯಾಕರಣಕಾರ ಪಾಣಿನಿ ತನ್ನ ಅಷ್ಟಾಧ್ಯಾಯಿಯ 4ನೇ ಅಧ್ಯಾಯದ 4ನೇ ಪಾದದ 60ನೇ ಸೂತ್ರದಲ್ಲಿ ಇವು ಹೇಗೆ ರೂಪುಗೊಳ್ಳುತ್ತವೆ ಎಂದು ತಿಳಿಸುತ್ತಾನೆ. ಆ ಸೂತ್ರದಲ್ಲಿ ಇನ್ನೊಂದು ಪದವೂ ಸಿದ್ಧವಾಗುತ್ತದೆ: ‘ದೈಷ್ಟಿಕ’. ಎಲ್ಲವೂ ವಿಧಿಯಿಂದಲೇ ಆಗುತ್ತದೆ ಎನ್ನುವವನಿಗೆ ಆ ಹೆಸರು. ಹಣೆಬರಹ ನಂಬುವವರು ಇಂದಿಗೂ ಬೇಕಾದಷ್ಟಿದ್ದಾರೆ, ಆದರೆ ಆ ಪದ ಮರೆಯಾಯಿತು. ಆಸ್ತಿಕ, ನಾಸ್ತಿಕ ಎರಡೇ ಉಳಿದವು. ಜನರನ್ನು ಎರಡೇ ಗುಂಪಾಗಿ ಒಡೆದು ನೋಡುವ ನಮ್ಮ ಅಭ್ಯಾಸಕ್ಕೆ ಇದೂ ಹೊಂದಿಕೊಂಡಿತು.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಪಾಣಿನಿಯ ಸೂತ್ರದಲ್ಲಿ ಬೈಗುಳವಿಲ್ಲ. ಮೂರೂ ಪದಗಳು ಒಬ್ಬನ ಅಭಿಪ್ರಾಯ ಏನು ಎಂದಷ್ಟೇ ಹೇಳುತ್ತವೆ. ಒಳ್ಳೆಯವನು, ಕೆಟ್ಟವನು ಎಂಬ ತೀರ್ಪು ಆಮೇಲೆ ಬಂದದ್ದು.

ಕನ್ನಡದಲ್ಲಿ ಈ ‘ಅಸ್ತಿ’ಗೆ ಬೇರೆ ಮಕ್ಕಳೂ ಇದ್ದಾರೆ. ‘ಅಸ್ತಿತ್ವ’ ಅಂದರೆ ಇರುವಿಕೆ. ಹೊಲ, ಮನೆ, ಒಡವೆಗೆ ನಾವು ಹೇಳುವ ‘ಆಸ್ತಿ’ಯೂ ಇದೇ ಮೂಲದ್ದು, ನಮ್ಮ ಬಳಿ ಇರುವುದು. ಕಂತೆ ಕಂತೆ ಕಾಗದ ಹಿಡಿದು ತಾಲ್ಲೂಕು ಕಚೇರಿಗೆ ಓಡಾಡುವವರೆಲ್ಲ ಆ ಅರ್ಥದಲ್ಲಿ ‘ಆಸ್ತಿ’ಕರೇ. ಆದರೆ ಮೂಳೆ ಎಂಬ ಅರ್ಥದ ‘ಅಸ್ಥಿ’ ಬೇರೆ ಪದ, ಅಲ್ಲಿರುವುದು ಮಹಾಪ್ರಾಣ. ಕೇಳಲು ಹತ್ತಿರವೆನಿಸಿದರೂ ‘ನಾಶ’ಕ್ಕೂ ‘ನಾಸ್ತಿಕ’ಕ್ಕೂ ನಂಟಿಲ್ಲ. ಮಹಾಭಾರತದಲ್ಲಿ ಜನಮೇಜಯನ ಸರ್ಪಯಾಗ ನಿಲ್ಲಿಸುವ ಮುನಿಯ ಹೆಸರು ‘ಆಸ್ತೀಕ’, ಅಲ್ಲಿ ‘ತೀ’ ದೀರ್ಘ. ಅವನ ತಂದೆ ಜರತ್ಕಾರು ಹೆಂಡತಿಯನ್ನು ಬಿಟ್ಟು ಹೊರಡುವಾಗ, ಗರ್ಭದಲ್ಲಿ ಮಗು ‘ಇದೆ’ ಎಂದು ಹೇಳಿದ್ದರಿಂದ ಆ ಹೆಸರು ಬಂತು ಎಂದು ಕಥೆ ಹೇಳುತ್ತದೆ. ಅಲ್ಲಿ ‘ಅಸ್ತಿ’ಗೆ ದೇವರ ಮೇಲಿನ ನಂಬಿಕೆಯ ಅರ್ಥವೇ ಇಲ್ಲ.

‘ಇಲ್ಲ’ ಅಂದದ್ದು ಯಾವುದನ್ನು?

ಪದದೊಳಗೆ ಉತ್ತರವಿಲ್ಲದ ಕಾರಣ ಒಂದೊಂದು ಕಾಲದವರು ಒಂದೊಂದು ಉತ್ತರ ತುಂಬಿದರು.

ಮೊದಲ ಉತ್ತರ: ಪರಲೋಕ. ಪಾಣಿನಿಯ ಸೂತ್ರಕ್ಕೆ ಬಂದ ಹಳೆಯ ವ್ಯಾಖ್ಯಾನ ಕಾಶಿಕಾವೃತ್ತಿ, ಪರಲೋಕವಿದೆ ಎನ್ನುವವನು ಆಸ್ತಿಕ, ಇಲ್ಲ ಎನ್ನುವವನು ನಾಸ್ತಿಕ ಎಂದು ಬಿಡಿಸುತ್ತದೆ. ಸತ್ತ ಮೇಲೆ ಏನಾದರೂ ಇದೆಯೇ, ಮಾಡಿದ ಪಾಪ ಪುಣ್ಯಕ್ಕೆ ಫಲವಿದೆಯೇ ಎಂಬುದು ಇಲ್ಲಿನ ಪ್ರಶ್ನೆ. ವಾಲ್ಮೀಕಿ ರಾಮಾಯಣದ ಅಯೋಧ್ಯಾಕಾಂಡದಲ್ಲಿ ಜಾಬಾಲಿ ರಾಮನಿಗೆ ಹೇಳುವುದೂ ಇದನ್ನೇ: ಸತ್ತವರು ಉಣ್ಣುವುದಿಲ್ಲ, ಪರಲೋಕವಿಲ್ಲ, ಕಣ್ಣಿಗೆ ಕಾಣುವ ರಾಜ್ಯವನ್ನು ಒಪ್ಪಿಕೋ ಎಂದು. ರಾಮ ಅವನನ್ನು ಕಟುವಾಗಿ ಖಂಡಿಸುತ್ತಾನೆ.

ಎರಡನೆಯ ಉತ್ತರ: ವೇದ. ಮನುಸ್ಮೃತಿಯ 2ನೇ ಅಧ್ಯಾಯದ 11ನೇ ಶ್ಲೋಕವು ವೇದವನ್ನು ನಿಂದಿಸುವವನೇ ನಾಸ್ತಿಕ ಎಂದು ಹೇಳಿ, ಅಂಥವನನ್ನು ಸಜ್ಜನರು ಹೊರಗಿಡಬೇಕು ಎನ್ನುತ್ತದೆ. ತರ್ಕವನ್ನು ನೆಚ್ಚಿಕೊಂಡು ಶ್ರುತಿ ಸ್ಮೃತಿಗಳನ್ನು ತಳ್ಳಿಹಾಕುವವನ ಬಗ್ಗೆ ಇರುವ ಮಾತದು. ಇಲ್ಲಿ ಅಭಿಪ್ರಾಯದ ಹೆಸರು ಬಹಿಷ್ಕಾರದ ಹೆಸರಾಯಿತು. ಈ ಅಳತೆಯಲ್ಲಿ ಬೌದ್ಧರು, ಜೈನರು, ಚಾರ್ವಾಕರು ಮೂವರೂ ನಾಸ್ತಿಕರ ಲೆಕ್ಕಕ್ಕೆ ಬಿದ್ದರು.

ಈ ಅಳತೆಯ ಇನ್ನೊಂದು ಬದಿ ಹಲವರಿಗೆ ಅಚ್ಚರಿ ತರಬಹುದು. ಪ್ರಾಚೀನ ಸಾಂಖ್ಯ ದರ್ಶನವು ಜಗತ್ತನ್ನು ವಿವರಿಸಲು ಸೃಷ್ಟಿಕರ್ತನನ್ನು ಕರೆತರುವುದಿಲ್ಲ. ವೇದದ ಕರ್ಮಕಾಂಡಕ್ಕೆ ಕಾವಲು ನಿಂತ ಪೂರ್ವಮೀಮಾಂಸೆಯೂ ಜಗತ್ತನ್ನು ಸೃಷ್ಟಿಸಿದ ಈಶ್ವರನನ್ನು ಒಪ್ಪುವುದಿಲ್ಲ. ಆದರೂ ಇವೆರಡೂ ‘ಆಸ್ತಿಕ’ ದರ್ಶನಗಳು, ಏಕೆಂದರೆ ವೇದವನ್ನು ಒಪ್ಪಿವೆ. ಅಂದರೆ ಸೃಷ್ಟಿಕರ್ತ ದೇವರಿಲ್ಲ ಎಂದೂ ಆಸ್ತಿಕನಾಗಿರಲು ಆಗ ಸಾಧ್ಯವಿತ್ತು.

ಮೂರನೆಯ ಉತ್ತರ: ದೇವರು. ಇಂದು ನಾವು ಬಳಸುವ ಅರ್ಥ ಇದು. ಇದು ಗಟ್ಟಿಯಾದದ್ದು ಇಂಗ್ಲಿಷ್ ಶಿಕ್ಷಣ, ನಿಘಂಟುಗಳ ಕಾಲದಲ್ಲಿ. 19ನೇ ಶತಮಾನದ ಸಂಸ್ಕೃತ–ಇಂಗ್ಲಿಷ್ ನಿಘಂಟುಕಾರರು ‘ನಾಸ್ತಿಕ’ಕ್ಕೆ ಎದುರಾಗಿ ‘ಎಥೀಸ್ಟ್’ ಎಂದು ಬರೆದರು. ಆಮೇಲೆ ಆ ಇಂಗ್ಲಿಷ್ ಪದದ ಅರ್ಥವೇ ಹಳೆಯ ಪದದೊಳಗೆ ಬಂದು ಕೂತಿತು. ಭಗತ್ ಸಿಂಗ್ 1930ರಲ್ಲಿ ಲಾಹೋರ್ ಜೈಲಿನಲ್ಲಿ ಬರೆದ ಪ್ರಬಂಧ ಕನ್ನಡಕ್ಕೆ ‘ನಾನೇಕೆ ನಾಸ್ತಿಕ’ ಎಂದು ಬಂದಾಗ ಓದುಗರು ಅದನ್ನು ‘ನಾನೇಕೆ ದೇವರನ್ನು ನಂಬುವುದಿಲ್ಲ’ ಎಂದೇ ಓದಿಕೊಂಡರು. ವೇದನಿಂದೆ ಯಾರಿಗೂ ನೆನಪಾಗಲಿಲ್ಲ.

ಸಿರುಗುಪ್ಪದ ಬಂಡೆಗಳು ಹೇಳುವುದೇನು?

ಈ ಅರ್ಥಗಳ ಗೋಜಲನ್ನು ಕಣ್ಣಾರೆ ನೋಡಲು ದೂರ ಹೋಗಬೇಕಿಲ್ಲ. ಸಿರುಗುಪ್ಪ ಸೀಮೆಯ ನಿಟ್ಟೂರು ಮತ್ತು ಉದೇಗೋಳದಲ್ಲಿ ಸಾಮ್ರಾಟ ಅಶೋಕನ ಕಿರು ಬಂಡೆಶಾಸನಗಳಿವೆ. ಕ್ರಿಸ್ತಪೂರ್ವ 3ನೇ ಶತಮಾನದ ಈ ಬರಹಗಳು 1970ರ ದಶಕದಲ್ಲಿ ಬೆಳಕಿಗೆ ಬಂದವು. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಹೆಚ್ಚಿನ ಶಾಸನಗಳಲ್ಲಿ ರಾಜನ ಬಿರುದು ಮಾತ್ರ ಇದ್ದರೆ, ಮಸ್ಕಿಯಂತೆ ಇಲ್ಲಿಯೂ ‘ಅಶೋಕ’ ಎಂಬ ಹೆಸರೇ ಇದೆ. ಅದಕ್ಕೇ ಇವು ಇತಿಹಾಸಕಾರರಿಗೆ ಅಮೂಲ್ಯ.

ಈ ಸಾಲಿನ ಶಾಸನಗಳಲ್ಲಿ ಅಶೋಕ ತಾನು ಬುದ್ಧನ ಉಪಾಸಕನಾದ ಸಂಗತಿ ಹೇಳುತ್ತಾನೆ. ತಂದೆತಾಯಿಯ ಮಾತು ಕೇಳಬೇಕು, ಹಿರಿಯರನ್ನು ಗೌರವಿಸಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು ಎಂಬ ನಡತೆಯ ಪಾಠವನ್ನು ಊರೂರಿಗೆ ಮುಟ್ಟಿಸಲು ಅಧಿಕಾರಿಗಳಿಗೆ ಅಪ್ಪಣೆ ಕೊಡುತ್ತಾನೆ. ಅವನು ಅದಕ್ಕೆ ಕೊಟ್ಟ ಹೆಸರು ‘ಧಮ್ಮ’, ಅಂದರೆ ಧರ್ಮ.

ಈಗ ಲೆಕ್ಕ ಹಾಕಿ. ಮನುಸ್ಮೃತಿಯ ಅಳತೆಗೋಲು ಹಿಡಿದರೆ, ವೇದದ ಅಧಿಕಾರವನ್ನು ಒಪ್ಪದ ಬುದ್ಧನ ಈ ಅನುಯಾಯಿ ನಾಸ್ತಿಕರ ಪಂಗಡಕ್ಕೆ ಸೇರುತ್ತಾನೆ. ಆದರೆ ಈ ಭಾಗದ ನೆಲದಲ್ಲಿ ಉಳಿದಿರುವ ಅತಿ ಹಳೆಯ ಬರಹಗಳಲ್ಲೊಂದಾಗಿ ಧರ್ಮದ ಬಗ್ಗೆ ಮಾತಾಡುತ್ತಿರುವವನೂ ಅವನೇ. ‘ನಾಸ್ತಿಕನೆಂದರೆ ಧರ್ಮವಿಲ್ಲದವನು’ ಎಂಬ ಸಮೀಕರಣ ಈ ಬಂಡೆಯ ಮುಂದೆ ನಿಲ್ಲುವುದಿಲ್ಲ.

ಅಶೋಕನ ಶಾಸನಗಳಲ್ಲಿ ಇನ್ನೊಂದು ಪದದ ಕಥೆಯೂ ಇದೆ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಸಿಕ್ಕ ಕಲ್ಲಿನ ಮೇಲೆ ಅವನ 12ನೇ ಬಂಡೆಶಾಸನದ ಭಾಗವಿದೆ. ತನ್ನ ಪಂಥವನ್ನೇ ಹೊಗಳಿ ಬೇರೆಯವರದನ್ನು ಸುಮ್ಮನೆ ತೆಗಳಬೇಡಿ, ಎಲ್ಲ ಪಂಥಗಳನ್ನೂ ಗೌರವಿಸಿ ಎಂಬುದು ಆ ಶಾಸನದ ತಿರುಳು. ಪಂಥಕ್ಕೆ ಅವನು ಬಳಸಿದ ಪದ ‘ಪಾಸಂಡ’. ಅದು ಆಗ ಯಾವ ಪಂಥಕ್ಕಾದರೂ ಸಲ್ಲುವ ಸಾದಾ ಪದ. ಮುಂದೆ ಅದೇ ‘ಪಾಷಂಡಿ’, ‘ಪಾಖಂಡಿ’ಯಾಗಿ ವೇದಬಾಹ್ಯ, ಢೋಂಗಿ ಎಂಬ ಬೈಗುಳವಾಯಿತು. ನಾಸ್ತಿಕ ಪದಕ್ಕೆ ಆದದ್ದೂ ಇಂಥದ್ದೇ.

ಬೈದವರೇ ಬೈಸಿಕೊಂಡವರು

ಕನ್ನಡದ ಹಳೆಯ ಸಾಹಿತ್ಯ ಓದುವವರಿಗೆ ಒಂದು ವಿಚಿತ್ರ ಎದುರಾಗುತ್ತದೆ. ಪಂಪ ಜೈನಧರ್ಮವನ್ನು ನೆಚ್ಚಿದ ಕವಿ. ವೈದಿಕರ ಲೆಕ್ಕದಲ್ಲಿ ಜೈನರು ನಾಸ್ತಿಕರು. ಆದರೆ 941ರಲ್ಲಿ ಪಂಪ ಬರೆದ ಆದಿಪುರಾಣದಲ್ಲಿ ಮಹಾಬಲನೆಂಬ ರಾಜನ ಸಭೆಯಲ್ಲೇ ಒಂದು ವಾದ ನಡೆಯುತ್ತದೆ. ಮಹಾಮತಿ ಎಂಬ ಮಂತ್ರಿ ಆತ್ಮವಿಲ್ಲ, ಪರಲೋಕವಿಲ್ಲ ಎಂಬ ಚಾರ್ವಾಕರ ಪಕ್ಷ ಹಿಡಿಯುತ್ತಾನೆ. ಸ್ವಯಂಬುದ್ಧನೆಂಬ ಜೈನ ಮಂತ್ರಿ ಅದನ್ನು ಖಂಡಿಸಿ ಗೆಲ್ಲುತ್ತಾನೆ. ಅಂದರೆ ಜೈನರಿಗೂ ತಮ್ಮದೇ ಆದ ‘ನಾಸ್ತಿಕರು’ ಇದ್ದರು.

8ನೇ ಶತಮಾನದ ಜೈನ ಪಂಡಿತ ಹರಿಭದ್ರ ಇದನ್ನು ಇನ್ನೂ ನೇರವಾಗಿ ಮಾಡಿದ. ತನ್ನ ಷಡ್ದರ್ಶನಸಮುಚ್ಚಯದಲ್ಲಿ ಬೌದ್ಧ, ಜೈನ, ನ್ಯಾಯ, ವೈಶೇಷಿಕ, ಸಾಂಖ್ಯ, ಮೀಮಾಂಸೆ ಈ ಎಲ್ಲವನ್ನೂ ಆಸ್ತಿಕವಾದಗಳೆಂದು ಕರೆದು, ಲೋಕಾಯತವನ್ನು ಮಾತ್ರ ಹೊರಗಿಟ್ಟ. ಅವನ ಅಳತೆ ಪರಲೋಕ ಮತ್ತು ಕರ್ಮಫಲ, ವೇದವಲ್ಲ. ಬೌದ್ಧ ಗ್ರಂಥಗಳೂ ಹೀಗೆಯೇ. ಬುದ್ಧನ ಸಮಕಾಲೀನನಾದ ಅಜಿತ ಕೇಶಕಂಬಲಿ ದಾನಕ್ಕೆ ಫಲವಿಲ್ಲ, ಸತ್ತ ಮೇಲೆ ಏನೂ ಉಳಿಯುವುದಿಲ್ಲ ಎಂದು ಬೋಧಿಸುತ್ತಿದ್ದ ಎಂದು ಪಾಲಿ ದೀಘನಿಕಾಯ ದಾಖಲಿಸುತ್ತದೆ. ಬೌದ್ಧರಿಗೆ ಅದು ಮಿಥ್ಯಾದೃಷ್ಟಿ. ಅಮರಕೋಶ ‘ನಾಸ್ತಿಕತೆ’ಗೆ ಕೊಡುವ ಸಮಾನಪದವೂ ಅದೇ ಮಿಥ್ಯಾದೃಷ್ಟಿ. ಒಟ್ಟಿನಲ್ಲಿ ಪ್ರತಿಯೊಂದು ಪಂಥವೂ ತನಗಿಂತ ಒಂದು ಹೆಜ್ಜೆ ಮುಂದೆ ಹೋಗಿ ‘ಇಲ್ಲ’ ಎಂದವರನ್ನು ನಾಸ್ತಿಕ ಎಂದಿತು.

ಹಾಗೆಂದು ಆ ಕಾಲದಲ್ಲಿ ಬರೀ ಬೈದಾಟವೇ ನಡೆಯುತ್ತಿತ್ತು ಎಂದುಕೊಳ್ಳಬಾರದು. ಕುರುಗೋಡಿನಲ್ಲಿ ಸಿಂದ ಅರಸರ ಒಂದು ಶಾಖೆ ಆಳುತ್ತಿದ್ದ 12ನೇ ಶತಮಾನವನ್ನೇ ತೆಗೆದುಕೊಳ್ಳಿ. ಅಲ್ಲಿ ಶಿವಾಲಯಗಳು ಎದ್ದ ಅದೇ ಕಾಲದಲ್ಲಿ, ಇಂದಿನ ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯಲ್ಲಿ ಕೋಡಿಯಮಠವೆಂಬ ಕಾಳಾಮುಖ ಶೈವರ ಮಠವಿತ್ತು. 1162ರ ಶಾಸನ ಆ ಮಠವನ್ನು ವರ್ಣಿಸುವಾಗ, ಅಲ್ಲಿ ವ್ಯಾಖ್ಯಾನವಾಗುತ್ತಿದ್ದ ಶಾಸ್ತ್ರಗಳಲ್ಲಿ ನ್ಯಾಯ, ಸಾಂಖ್ಯ, ಮೀಮಾಂಸೆಗಳ ಜೊತೆ ಬೌದ್ಧ ದರ್ಶನವನ್ನೂ ಹೆಸರಿಸುತ್ತದೆ. ಎದುರಾಳಿಯ ಮಾತನ್ನು ಕಲಿತು ಆಮೇಲೆ ವಾದಕ್ಕಿಳಿಯುವುದು ಆಗಿನ ಮರ್ಯಾದೆ.

ಅದಕ್ಕೆ ದೊಡ್ಡ ಉದಾಹರಣೆ ವಿಜಯನಗರದ್ದು. 2021ರವರೆಗೂ ಬಳ್ಳಾರಿ ಜಿಲ್ಲೆಯಲ್ಲೇ ಇದ್ದ ಹಂಪಿ ಆ ಸಾಮ್ರಾಜ್ಯದ ರಾಜಧಾನಿ. 14ನೇ ಶತಮಾನದಲ್ಲಿ ಆ ವಿದ್ವತ್ ವಲಯದಲ್ಲಿ ಹುಟ್ಟಿದ, ಮಾಧವಾಚಾರ್ಯರ ಹೆಸರಿನಲ್ಲಿರುವ ‘ಸರ್ವದರ್ಶನಸಂಗ್ರಹ’ 16 ದರ್ಶನಗಳನ್ನು ಒಂದೊಂದಾಗಿ ವಿವರಿಸುತ್ತದೆ. ಮೊದಲ ಅಧ್ಯಾಯವೇ ಚಾರ್ವಾಕರದು. ಅವರನ್ನು ನಾಸ್ತಿಕರಲ್ಲಿ ಶಿರೋಮಣಿ ಎಂದು ಕರೆದರೂ, ಅವರ ವಾದವನ್ನು ಅವರ ಬಾಯಿಂದಲೇ ಹೇಳಿಸಿದಂತೆ ಮುಂದಿಡುತ್ತದೆ: ಕಣ್ಣಿಗೆ ಕಂಡದ್ದೇ ಪ್ರಮಾಣ, ದೇಹ ಬಿಟ್ಟು ಬೇರೆ ಆತ್ಮವಿಲ್ಲ. ಚಾರ್ವಾಕರು ಬರೆದ ಮೂಲ ಗ್ರಂಥಗಳು ಹೆಚ್ಚುಕಡಿಮೆ ಎಲ್ಲವೂ ಕಳೆದುಹೋಗಿವೆ. ಇಂದು ಜಗತ್ತಿನ ಯಾವ ಮೂಲೆಯಲ್ಲಿ ಚಾರ್ವಾಕರ ಬಗ್ಗೆ ಓದಿದರೂ, ಆ ವಿವರಗಳಲ್ಲಿ ದೊಡ್ಡ ಪಾಲು ಈ ಗ್ರಂಥದಿಂದ ಬಂದಿರುತ್ತದೆ. ಅವರನ್ನು ಒಪ್ಪದವರೇ ಅವರ ಮಾತನ್ನು ಉಳಿಸಿದರು.

ಬಳ್ಳಾರಿಯ ಬೇರೆ ಭಾಷೆಗಳಲ್ಲಿ

ಬಳ್ಳಾರಿ ಮೂರು ಭಾಷೆಯ ಊರು. ಇಲ್ಲಿನ ತೆಲುಗಿನಲ್ಲೂ ಪದ ‘ನಾಸ್ತಿಕ’ವೇ. ಆಂಧ್ರದಲ್ಲಿ ಅದನ್ನು ಹೆಮ್ಮೆಯ ಹೆಸರಾಗಿ ಹೊತ್ತವರು ಗೋರಾ ಎಂದೇ ಹೆಸರಾದ ಗೋಪರಾಜು ರಾಮಚಂದ್ರರಾವ್ (1902–1975). ಗಾಂಧೀಜಿಯ ಒಡನಾಟವಿದ್ದ ಗೋರಾ 1940ರಲ್ಲಿ ನಾಸ್ತಿಕ ಕೇಂದ್ರ ಕಟ್ಟಿದರು, 1947ರಲ್ಲಿ ಅದು ವಿಜಯವಾಡಕ್ಕೆ ಬಂತು. ಅಸ್ಪೃಶ್ಯತೆ ನಿವಾರಣೆಗೆ ದುಡಿದ ಅವರ ಪ್ರಕಾರ ನಾಸ್ತಿಕತೆ ಎಂದರೆ ಬರೀ ‘ಇಲ್ಲ’ ಅಲ್ಲ, ಮನುಷ್ಯ ತನ್ನ ಕೆಲಸದ ಹೊಣೆಯನ್ನು ತಾನೇ ಹೊರುವುದು.

ಉರ್ದುವಿನಲ್ಲಿ ‘ಮುಲ್ಹಿದ್’, ‘ದಹ್ರಿಯಾ’ ಎಂಬ ಪದಗಳಿವೆ. ‘ದಹ್ರ್’ ಎಂದರೆ ಕಾಲ. ನಮ್ಮನ್ನು ಅಳಿಸುವುದು ಕಾಲವೇ ಹೊರತು ಬೇರೇನಲ್ಲ ಎನ್ನುವವನು ದಹ್ರಿಯಾ. ‘ಲಾ-ಮಜ್ಹಬ್’ ಎಂದರೆ ಯಾವ ಮತಕ್ಕೂ ಸೇರದವನು. ಅಂದರೆ ನಂಬದವನಿಗೂ ಸೇರದವನಿಗೂ ಅಲ್ಲಿ ಬೇರೆ ಬೇರೆ ಪದಗಳಿವೆ.

ಇಂಗ್ಲಿಷಿನ ‘ಎಥೀಸ್ಟ್’ ಗ್ರೀಕ್ ಮೂಲದ್ದು: ‘ಅ’ ಎಂದರೆ ಇಲ್ಲ, ‘ಥಿಯೊಸ್’ ಎಂದರೆ ದೇವರು. ಅದೂ ಬೈಗುಳವಾಗಿಯೇ ಬೆಳೆಯಿತು. ಊರ ದೇವರನ್ನು ನಂಬುವುದಿಲ್ಲ ಎಂಬ ಆರೋಪದ ಮೇಲೆ ಕ್ರಿಸ್ತಪೂರ್ವ 399ರಲ್ಲಿ ಅಥೆನ್ಸ್ ನಗರ ಸಾಕ್ರೆಟಿಸನಿಗೆ ಮರಣದಂಡನೆ ಕೊಟ್ಟಿತು. 2ನೇ ಶತಮಾನದಲ್ಲಿ ರೋಮನ್ನರು ತಮ್ಮ ದೇವತೆಗಳಿಗೆ ಪೂಜೆ ಮಾಡದ ಕ್ರೈಸ್ತರನ್ನೂ ಹೀಗೆಯೇ ಕರೆದರು. ಏಕದೇವನನ್ನು ನಂಬಿ ಪ್ರಾಣ ಕೊಟ್ಟವರಿಗೆ ‘ದೇವರಿಲ್ಲದವರು’ ಎಂಬ ಹೆಸರು!

ಗೊಂದಲದ ನಿಜವಾದ ಬೇರು: ‘ಧರ್ಮ’

ನಮ್ಮಲ್ಲಿ ತೊಡಕು ಹೆಚ್ಚಾಗಲು ‘ನಾಸ್ತಿಕ’ಕ್ಕಿಂತ ದೊಡ್ಡ ಕಾರಣ ‘ಧರ್ಮ’ ಪದ. ಕನ್ನಡದಲ್ಲಿ ಅದು ಹೊರುವ ಹೊರೆ ನೋಡಿ. ‘ಧರ್ಮಕ್ಕೆ ಕೊಟ್ಟರು’ ಎಂದರೆ ಪುಕ್ಕಟೆ ಕೊಟ್ಟರು. ‘ಧರ್ಮಾಸ್ಪತ್ರೆ’ ಎಂದರೆ ದುಡ್ಡು ಕೇಳದ ಆಸ್ಪತ್ರೆ. ಕಳ್ಳನಿಗೆ ಬೀಳುವುದು ‘ಧರ್ಮದೇಟು’. ‘ಧರ್ಮಸಂಕಟ’ದಲ್ಲಿ ಯಾವ ಮತವೂ ಇಲ್ಲ. ನೀರಿನ ಧರ್ಮ ಹರಿಯುವುದು ಎನ್ನುವಾಗ ಅದು ಸ್ವಭಾವ. ‘ಅಧರ್ಮ’ ಎಂದರೆ ಅನ್ಯಾಯ.

‘ರಿಲಿಜನ್’ ಎಂಬ ಅರ್ಥಕ್ಕೆ ಹಳೆಯ ಕನ್ನಡದಲ್ಲಿ ‘ಸಮಯ’, ‘ಮತ’, ‘ದರ್ಶನ’ ಎಂಬ ಪದಗಳಿದ್ದವು. 12ನೇ ಶತಮಾನದ ಬ್ರಹ್ಮಶಿವ ಬೇರೆ ಮತಗಳನ್ನು ಒರೆಗೆ ಹಚ್ಚಿ ಬರೆದ ಕೃತಿಯ ಹೆಸರು ‘ಸಮಯಪರೀಕ್ಷೆ’. ಇಂದು ‘ಸಮಯ’ ಗಡಿಯಾರಕ್ಕೆ ಹೋಯಿತು, ‘ಮತ’ ಮತಗಟ್ಟೆಗೆ ಹೋಯಿತು. ಬಳ್ಳಾರಿಗೆ 1810ರಲ್ಲಿ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತಂದರು. ಅವರ ಜೊತೆ ಇಲ್ಲಿ ದುಡಿದ ವಿಲಿಯಂ ರೀವ್ 1824 ಮತ್ತು 1832ರಲ್ಲಿ ಇಂಗ್ಲಿಷ್–ಕನ್ನಡ, ಕನ್ನಡ–ಇಂಗ್ಲಿಷ್ ನಿಘಂಟುಗಳನ್ನು ಹೊರತಂದರು. ಇಂಥ ಅನುವಾದಗಳ, ನಿಘಂಟುಗಳ, ಸರ್ಕಾರಿ ಕಾಗದಗಳ ಶತಮಾನದಲ್ಲಿ ‘ರಿಲಿಜನ್’ಗೆ ‘ಧರ್ಮ’ ಎಂಬ ಜೋಡಿ ನೆಲೆಗೊಂಡಿತು. ಪರಿಣಾಮ ಏನೆಂದರೆ, ಅರ್ಜಿಯ ‘ಧರ್ಮ’ ಎಂಬ ಕಾಲಂನಲ್ಲಿ ಒಬ್ಬರು ‘ಇಲ್ಲ’ ಎಂದು ಬರೆದರೆ, ‘ಯಾವ ಮತಕ್ಕೂ ಸೇರಿಲ್ಲ’ ಎಂದು ಅವರು ಹೇಳಿದ್ದು ನಮ್ಮ ಕಿವಿಗೆ ‘ನನಗೆ ನೀತಿ ನ್ಯಾಯ ಇಲ್ಲ’ ಎಂದು ಕೇಳಿಸುತ್ತದೆ.

ಹತ್ತಿರದ ಪದಗಳು, ಬೇರೆ ಅರ್ಥಗಳು

• ನಿರೀಶ್ವರವಾದಿ: ಸೃಷ್ಟಿಕರ್ತ ದೇವರಿಲ್ಲ ಎನ್ನುವವರು. ದೇವರ ವಿಷಯಕ್ಕಷ್ಟೇ ಸೀಮಿತವಾದ, ಹೆಚ್ಚು ಖಚಿತವಾದ ಪದ. ಜೈನರು, ಸಾಂಖ್ಯರು ಇದರೊಳಗೆ ಬರಬಹುದು.

• ಅಜ್ಞೇಯತಾವಾದಿ: ದೇವರಿದ್ದಾನೋ ಇಲ್ಲವೋ ತಿಳಿಯಲು ಸಾಧ್ಯವಿಲ್ಲ ಎನ್ನುವವರು. ಇದರ ಮೂಲವಾದ ಇಂಗ್ಲಿಷ್ ಪದವನ್ನು 1869ರಲ್ಲಿ ರೂಪಿಸಿದವರು ಜೀವವಿಜ್ಞಾನಿ ಥಾಮಸ್ ಹಕ್ಸ್‌ಲಿ.

• ಚಾರ್ವಾಕ ಅಥವಾ ಲೋಕಾಯತ: ಒಂದು ನಿರ್ದಿಷ್ಟ ಪ್ರಾಚೀನ ದರ್ಶನ. ಎಲ್ಲ ನಾಸ್ತಿಕರೂ ಚಾರ್ವಾಕರಲ್ಲ.

• ವಿಚಾರವಾದಿ: ಯಾವ ಹೇಳಿಕೆಯನ್ನೂ ಸಾಕ್ಷ್ಯ, ತರ್ಕದಿಂದ ಪರೀಕ್ಷಿಸಬೇಕು ಎನ್ನುವವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದ್ದು ಈ ದಾರಿಯ ಪ್ರಸಿದ್ಧ ಉದಾಹರಣೆ. ಪವಾಡವನ್ನು ಪ್ರಶ್ನಿಸುವುದೂ ದೇವರನ್ನು ನಿರಾಕರಿಸುವುದೂ ಒಂದೇ ಅಲ್ಲ.

• ಧರ್ಮನಿರಪೇಕ್ಷ, ಜಾತ್ಯತೀತ: ಇವು ಸರ್ಕಾರದ ನಿಲುವಿನ ಪದಗಳು. ದಿನಕ್ಕೆ ಮೂರು ಹೊತ್ತು ಪೂಜೆ ಮಾಡುವವರೂ ಧರ್ಮನಿರಪೇಕ್ಷ ಸರ್ಕಾರ ಬೇಕು ಎನ್ನಬಹುದು.

ದೇವರ ಮೇಲಿನ ಅಪನಂಬಿಕೆಯನ್ನು ಸೌಮ್ಯವಾಗಿ, ವಿವರವಾಗಿ ಕನ್ನಡದಲ್ಲಿ ಓದಬಯಸುವವರಿಗೆ ಎ.ಎನ್. ಮೂರ್ತಿರಾಯರ ‘ದೇವರು’ ಪುಸ್ತಕವಿದೆ.

ಕಾಗದಪತ್ರದಲ್ಲಿ ಏನಾಗುತ್ತದೆ?

2011ರ ಜನಗಣತಿಯಲ್ಲಿ ದೇಶದ ಸುಮಾರು 28.7 ಲಕ್ಷ ಜನ, ಅಂದರೆ ಶೇ. 0.24ರಷ್ಟು, ‘ಧರ್ಮ ತಿಳಿಸಿಲ್ಲ’ ಎಂಬ ಪಟ್ಟಿಯಲ್ಲಿದ್ದಾರೆ. 2001ರಲ್ಲಿ ಈ ಸಂಖ್ಯೆ ಸುಮಾರು 7 ಲಕ್ಷವಿತ್ತು. ಇವರೆಲ್ಲ ನಾಸ್ತಿಕರು ಎಂದು ಓದುವುದು ತಪ್ಪು. ಹೇಳಲು ಇಷ್ಟವಿಲ್ಲದವರು, ಉತ್ತರ ದಾಖಲಾಗದೆ ಉಳಿದವರೂ ಇದರಲ್ಲಿ ಸೇರುತ್ತಾರೆ. ಹಾಗೆಯೇ ‘ಹಿಂದೂ’, ‘ಇಸ್ಲಾಂ’ ಎಂದು ಬರೆಸಿದವರಲ್ಲಿ ದೇವರನ್ನು ನಂಬದವರು ಎಷ್ಟಿದ್ದಾರೆ ಎಂಬುದು ಈ ಲೆಕ್ಕದಿಂದ ತಿಳಿಯುವುದಿಲ್ಲ. ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಉಲ್ಲೇಖ ದಿನ. ಆಗಲೂ ಅಂಕಿಗಳನ್ನು ಹೀಗೆಯೇ ಎಚ್ಚರದಿಂದ ಓದಬೇಕು.

ಸಂವಿಧಾನದ 25ನೇ ವಿಧಿ ಎಲ್ಲರಿಗೂ ಅಂತಃಸಾಕ್ಷಿಯ ಸ್ವಾತಂತ್ರ್ಯ ಕೊಟ್ಟಿದೆ. ತನಗೆ ಯಾವ ಧರ್ಮವೂ ಇಲ್ಲ ಎಂದು ಹೇಳುವ ಹಕ್ಕೂ ಅದರಲ್ಲಿ ಸೇರಿದೆ, ಧರ್ಮ ತಿಳಿಸಲೇಬೇಕೆಂದು ಸರ್ಕಾರ ಒತ್ತಾಯಿಸುವಂತಿಲ್ಲ ಎಂದು ಬಾಂಬೆ ಹೈಕೋರ್ಟ್ 2014ರಲ್ಲಿ ತೀರ್ಪಿತ್ತಿತು. ಸ್ವಾರಸ್ಯವೆಂದರೆ ಆ ಅರ್ಜಿದಾರರು ನಾಸ್ತಿಕರಲ್ಲ. ಅವರು ಏಸುವನ್ನು ನಂಬುವವರು, ಆದರೆ ತಮಗೆ ಕ್ರೈಸ್ತ ಧರ್ಮವೂ ಸೇರಿ ಯಾವ ಧರ್ಮವೂ ಬೇಡ ಎಂದವರು. ದೇವರಿದ್ದೂ ಧರ್ಮವಿಲ್ಲದಿರಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ನ್ಯಾಯಾಲಯದಲ್ಲಿ ಸಾಕ್ಷಿ ಹೇಳುವಾಗ ದೇವರ ಹೆಸರಿನಲ್ಲಿ ಪ್ರಮಾಣ ಮಾಡಲು ಇಷ್ಟವಿಲ್ಲದವರು ದೇವರ ಹೆಸರಿಲ್ಲದೆ ದೃಢೀಕರಿಸಬಹುದು, 1969ರ ಪ್ರಮಾಣಗಳ ಕಾಯ್ದೆ ಅದಕ್ಕೆ ಅವಕಾಶ ಕೊಡುತ್ತದೆ. ಎರಡಕ್ಕೂ ಬೆಲೆ ಒಂದೇ. ಸುಳ್ಳು ಹೇಳಿದರೆ ಶಿಕ್ಷೆಯೂ ಒಂದೇ. ಶಾಸಕರು, ಮಂತ್ರಿಗಳಿಗೂ ಈ ಎರಡು ಆಯ್ಕೆ ಇದೆ.

ಒಂದು ಎಚ್ಚರಿಕೆ: ಮದುವೆ, ಆಸ್ತಿ ಹಕ್ಕು, ಮೀಸಲಾತಿಯ ಕಾನೂನುಗಳು ವ್ಯಕ್ತಿಯ ನಂಬಿಕೆಯನ್ನಲ್ಲ, ಹುಟ್ಟಿದ ಸಮುದಾಯ ಮತ್ತು ದಾಖಲೆಯನ್ನು ನೋಡುವುದೇ ಹೆಚ್ಚು. ಹಿಂದೂ ಮನೆತನದಲ್ಲಿ ಹುಟ್ಟಿದವರು ದೇವರನ್ನು ನಂಬದಿದ್ದ ಮಾತ್ರಕ್ಕೆ 1955ರ ಹಿಂದೂ ವಿವಾಹ ಕಾಯ್ದೆಯಿಂದ ಹೊರಗೆ ಹೋಗುವುದಿಲ್ಲ. ಪರಿಶಿಷ್ಟ ಜಾತಿಯ ಸ್ಥಾನಮಾನ 1950ರ ಆದೇಶದಂತೆ ಹಿಂದೂ, ಸಿಖ್, ಬೌದ್ಧ ಧರ್ಮಗಳಿಗೆ ಜೋಡಣೆಯಾಗಿದೆ. ಹಾಗಾಗಿ ಅಧಿಕೃತ ದಾಖಲೆಯಲ್ಲಿ ಧರ್ಮದ ಕಾಲಂ ಬದಲಿಸುವ ಮುನ್ನ ವಕೀಲರ ಸಲಹೆ ಪಡೆಯುವುದು ಒಳ್ಳೆಯದು.

ತಪ್ಪು ತಿಳಿವಳಿಕೆ ಮತ್ತು ವಾಸ್ತವ

‘ನಾಸ್ತಿಕತೆ ವಿದೇಶದಿಂದ ಬಂದದ್ದು.’ ಅಲ್ಲ. ಪದವೂ ವಿಚಾರವೂ ಪಾಣಿನಿಗಿಂತ ಈಚಿನವಲ್ಲ. ಹೊರಗಿನಿಂದ ಬಂದದ್ದು ‘ದೇವರನ್ನು ನಂಬದವನು’ ಎಂಬ ಇಂದಿನ ಕಿರಿದಾದ ಅರ್ಥದ ಒತ್ತು.

‘ವಿಜ್ಞಾನ ಓದಿದವರೆಲ್ಲ ನಾಸ್ತಿಕರು.’ ಅಲ್ಲ. ಗಣಿತಜ್ಞ ಶ್ರೀನಿವಾಸ ರಾಮಾನುಜನ್ ತಮ್ಮ ಮನೆದೇವತೆ ನಾಮಗಿರಿಯ ಭಕ್ತರಾಗಿದ್ದರು. ಖಭೌತವಿಜ್ಞಾನಿ ಎಸ್. ಚಂದ್ರಶೇಖರ್ ತಮ್ಮನ್ನು ನಾಸ್ತಿಕ ಎಂದೇ ಕರೆದುಕೊಂಡರು. ಇಬ್ಬರ ಸಮೀಕರಣಗಳೂ ಸರಿಯಾಗಿವೆ.

‘ನಾಸ್ತಿಕನಿಗೆ ಪಾಪದ ಭಯವಿಲ್ಲ, ಆದ್ದರಿಂದ ನೀತಿಯಿಲ್ಲ.’ ನಂಬಿಕೆ ಬೇರೆ, ನಡತೆ ಬೇರೆ. ನಂಬುವವರಲ್ಲೂ ನಂಬದವರಲ್ಲೂ ಎರಡೂ ಬಗೆಯ ಜನ ಇದ್ದಾರೆಂದು ನಾವೆಲ್ಲ ದಿನವೂ ನೋಡುತ್ತೇವೆ.

‘ಮೂಢನಂಬಿಕೆಯನ್ನು ಪ್ರಶ್ನಿಸಿದರೆ ನಾಸ್ತಿಕರಾಗುತ್ತೇವೆ.’ ಇದೇ ಎಲ್ಲಕ್ಕಿಂತ ಅಪಾಯದ ತಪ್ಪು. ಏಕೆಂದರೆ ಇದಕ್ಕೆ ಜೀವ ತೆರಬೇಕಾಗಬಹುದು.

ಪದ ಜೀವಕ್ಕೆ ಅಡ್ಡ ಬರಬಾರದು

ಲೇಖನದ ಮೊದಲಲ್ಲಿ ಹೇಳಿದ ಹಾವು ಕಡಿತದ ಮಾತಿಗೆ ಇಲ್ಲಿ ಉತ್ತರ ಕೊಡಬೇಕು. ನಮ್ಮ ಹೊಲಗದ್ದೆಗಳಲ್ಲಿ ಕಚ್ಚುವ ಹಾವುಗಳಲ್ಲಿ ಬಹಳಷ್ಟು ವಿಷವಿಲ್ಲದವು. ವಿಷದ ಹಾವು ಕಚ್ಚಿದಾಗಲೂ ಕೆಲವೊಮ್ಮೆ ವಿಷ ಒಳಗೆ ಇಳಿದಿರುವುದಿಲ್ಲ. ಅಂಥವರಿಗೆ ಮಂತ್ರ ಹಾಕಿದರೂ ಬದುಕುತ್ತಾರೆ, ಹಾಕದಿದ್ದರೂ ಬದುಕುತ್ತಾರೆ. ಹೆಸರು ಬರುವುದು ಮಾತ್ರ ಮಂತ್ರಕ್ಕೆ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಇವುಗಳ ವಿಷ ನಿಜವಾಗಿ ಏರಿದ್ದರೆ ಅದಕ್ಕೆ ಮದ್ದು ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷ ಒಂದೇ. ಅಲ್ಲಿ ಕಳೆಯುವ ಪ್ರತಿ ಗಳಿಗೆಗೂ ಬೆಲೆಯಿದೆ. ಆ ಹೊತ್ತಿನಲ್ಲಿ ‘ಆಸ್ಪತ್ರೆಗೆ ನಡೀರಿ’ ಎಂದವರ ಬಾಯನ್ನು ‘ನೀನು ನಾಸ್ತಿಕ, ಸುಮ್ಮನಿರು’ ಎಂದು ಮುಚ್ಚಿಸಿದರೆ ನಷ್ಟವಾಗುವುದು ಕಚ್ಚಿಸಿಕೊಂಡವರಿಗೆ.

ಕರ್ನಾಟಕದ ಕಾನೂನೂ ಈ ವ್ಯತ್ಯಾಸವನ್ನು ಗುರುತಿಸಿದೆ. 2017ರಲ್ಲಿ ಅಂಗೀಕಾರವಾಗಿ 2020ರ ಜನವರಿಯಲ್ಲಿ ಜಾರಿಗೆ ಬಂದ ಅಮಾನವೀಯ ದುಷ್ಟ ಪದ್ಧತಿಗಳ ಮತ್ತು ವಾಮಾಚಾರದ ನಿರ್ಮೂಲನೆ ಕಾಯ್ದೆ, ಹಾವು, ಚೇಳು, ನಾಯಿ ಕಚ್ಚಿದವರಿಗೆ ವೈದ್ಯರ ಚಿಕಿತ್ಸೆ ತಪ್ಪಿಸಿ ಮಂತ್ರತಂತ್ರ ಮಾಡುವುದನ್ನು ಅಪರಾಧವೆಂದಿದೆ. ಅದೇ ಕಾಯ್ದೆ ಪೂಜೆ, ಪ್ರದಕ್ಷಿಣೆ, ಯಾತ್ರೆ, ಹರಿಕಥೆಗಳನ್ನು ಮುಟ್ಟಿಲ್ಲ. ದೇವರಿಗೆ ಕೈಮುಗಿದೇ ಆಂಬುಲೆನ್ಸಿಗೆ 108 ಕರೆ ಮಾಡಬಹುದು.

ನೆನಪಿಡಬೇಕಾದದ್ದು

ಯಾರನ್ನಾದರೂ ‘ನಾಸ್ತಿಕ’ ಎಂದು ಕರೆಯುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಿ: ಈತ ಇಲ್ಲ ಎಂದದ್ದು ಯಾವುದನ್ನು? ದೇವರನ್ನೇ, ಪರಲೋಕವನ್ನೇ, ಒಂದು ಗ್ರಂಥದ ಅಧಿಕಾರವನ್ನೇ, ಒಂದು ಮತದ ಸದಸ್ಯತ್ವವನ್ನೇ, ಇಲ್ಲವೇ ಬರೀ ಒಂದು ತಾಯತವನ್ನೇ? ಉತ್ತರ ಸಿಕ್ಕರೆ ಮಾತು ಮುಂದುವರಿಯುತ್ತದೆ, ಒಪ್ಪದಿದ್ದರೂ ವಾದ ಮಾಡಬಹುದು. ಪ್ರಶ್ನೆ ಕೇಳದೆ ಪದವನ್ನಷ್ಟೇ ಎಸೆದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಯಾರಾದರೂ ನಿಮ್ಮನ್ನೇ ಹಾಗೆ ಕರೆದರೂ ಇದೇ ಪ್ರಶ್ನೆಯನ್ನು ಸಮಾಧಾನದಿಂದ ಕೇಳಿ: ‘ಇಲ್ಲ ಅಂತ ನಾನು ಏನನ್ನ ಅಂದೆ, ಹೇಳ್ರಿ?’